ನೀರಿನ ಬಲದಿಂದ ಆಕಾಶಕ್ಕೆ

ರೆಕ್ಕೆಯಿಲ್ಲದೆ, ನೀರನ್ನು ಚಿಮ್ಮಿಸಿ ಮೇಲಕ್ಕೇರುವ ಸಾಧನಗಳು ಈಗ ಬಂದಿವೆ. ಕೆನಡದ ರೇಮಂಡ್ ಲೀ ಅವರ 'ಜೆಟ್‌ಲೆವ್' ಬೆನ್ನಿಗೆ ಕಟ್ಟಿಕೊಳ್ಳುವಂಥದು. ಫ್ರಾನ್ಸಿನ ಫ್ರಾಂಕಿ ಜಪಾಟಾ ಅವರು 2012ರಲ್ಲಿ ಜಗತ್ತಿಗೆ ತೋರಿಸಿದ 'ಫ್ಲೈಬೋರ್ಡ್' ಕಾಲಿಗೆ ಕಟ್ಟಿಕೊಳ್ಳುವಂಥದು. ಇವುಗಳ ಚಿತ್ರ ಕಂಡ ಹುಡುಗರು, "ಮೇಷ್ಟ್ರೇ, ನಾವೂ ಬೆನ್ನಿಗೆ ನೀರಿನ ಡಬ್ಬ ಕಟ್ಟಿಕೊಂಡು ಹಾರಬಹುದಲ್ಲವೆ?" ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಲೆಕ್ಕವೇ ಉತ್ತರ ಹೇಳಬೇಕು.

ಬೆಂಕಿ ಆರಿಸುವವರು ನೀರಿನ ಕೊಳವೆಯನ್ನು ಇಬ್ಬರು ಮೂವರು ಸೇರಿ ಅವುಚಿ ಹಿಡಿಯುವುದನ್ನು ನೀವು ನೋಡಿರಬಹುದು. ನೀರು ಮುಂದಕ್ಕೆ ನುಗ್ಗಿದಂತೆ ಕೊಳವೆ ಹಿಂದಕ್ಕೆ ಒದೆಯುತ್ತದೆ. ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧವಾದ ಪ್ರತಿಕ್ರಿಯೆ ಉಂಟೆಂದು ನ್ಯೂಟನ್ ಮಹಾಶಯನು 1687ರಲ್ಲಿ ಪ್ರಕಟಿಸಿದ ನಿಯಮವೇ ಇದು. ನೀರನ್ನು ಕೆಳಕ್ಕೆ ಚಿಮ್ಮಿಸಿದರೆ ಒದೆತ ಮೇಲಕ್ಕೆ.

ಹಾರುವವನು 70 ಕಿಲೋಗ್ರಾಂ, ಉಪಕರಣ 20, ಅವನೊಡನೆ ಮೇಲೆದ್ದ ಕೊಳವೆಯೊಳಗಿನ ನೀರು 60. ಒಟ್ಟು 150 ಕಿಲೋಗ್ರಾಂ ಎನ್ನೋಣ. ಇದನ್ನು ಗಾಳಿಯಲ್ಲಿ ತಡೆದು ನಿಲ್ಲಿಸಲು ಸುಮಾರು 1,500 ನ್ಯೂಟನ್ ಬಲ ಬೇಕು. ಸೆಕೆಂಡಿಗೆ 60 ಲೀಟರು ನೀರನ್ನು 25 ಮೀಟರು ವೇಗದಲ್ಲಿ ಬಿಟ್ಟರೆ ಅಷ್ಟು ಬಲ ದೊರೆಯುತ್ತದೆ. ಅಂದರೆ ಸೆಕೆಂಡೊಂದಕ್ಕೆ ನಾಲ್ಕು ಕೊಡ ನೀರು! ಬೆನ್ನ ಮೇಲೆ ಎರಡು ಕೊಡ ಹೊತ್ತವನ ಹಾರಾಟ ಒಂದು ಸೆಕೆಂಡೂ ಪೂರೈಸದು. ಹೆಚ್ಚು ಹೊತ್ತರೆ ಭಾರವೂ ಹೆಚ್ಚುತ್ತದೆ. ಆದ್ದರಿಂದಲೇ ಪಂಪು ಮತ್ತು ಎಂಜಿನು ಕೆಳಗೆ ನೀರಿನಲ್ಲೇ ಉಳಿಯುತ್ತವೆ. ಉದ್ದನೆಯ ಕೊಳವೆಯೊಂದು ನೀರನ್ನು ಮೇಲಕ್ಕೆ ಒದಗಿಸುತ್ತದೆ.

ಹಾಗಾದರೆ ಸ್ವಲ್ಪ ನೀರನ್ನೇ ಹೆಚ್ಚು ವೇಗದಿಂದ ಬಿಡಬಾರದೆ? ಬಿಡಬಹುದು, ಆದರೆ ಬೆಲೆ ತೆರಬೇಕು. ವೇಗವನ್ನು 50 ಮೀಟರಿಗೆ ಏರಿಸಿದರೆ 30 ಲೀಟರೇ ಸಾಕು, ಒದೆತ ಅಷ್ಟೇ. ಆದರೆ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಚಿಮ್ಮುವ ನೀರಿಗೇ ತಗಲುವ 25 ಅಶ್ವಶಕ್ತಿ 50ಕ್ಕೆ ಏರುತ್ತದೆ. ನೀರನ್ನು ಎತ್ತುವ ಕೆಲಸ, ಕೊಳವೆಯ ಘರ್ಷಣೆ, ಪಂಪಿನ ನಷ್ಟ ಇವೆಲ್ಲ ಬೇರೆ. ಹೆಚ್ಚು ನೀರು, ಮಿತವಾದ ವೇಗ ಎಂಬುದೇ ಮಿತವ್ಯಯದ ಮಾರ್ಗ.

ಇಲ್ಲಿ ನೀರು ಇಂಧನವೆಂದು ಯಾರೂ ಭ್ರಮಿಸಬಾರದು. ಶಕ್ತಿಯನ್ನು ಕೊಡುವುದು ಎಂಜಿನಿನಲ್ಲಿ ಉರಿಯುವ ಪೆಟ್ರೋಲು; ನೀರು ಅದನ್ನು ಒಯ್ಯುವ ಆಳು ಮಾತ್ರ. ಎಂಜಿನು ನಿಂತ ಕ್ಷಣವೇ ಹಾರುವವನು ಬೀಳುತ್ತಾನೆ. ಎಂಟು ಮೀಟರು ಎತ್ತರದಿಂದ ಬಿದ್ದವನು ಗಂಟೆಗೆ ಸುಮಾರು 45 ಕಿಲೋಮೀಟರು ವೇಗದಲ್ಲಿ ಕೆಳಗೆ ತಾಗುತ್ತಾನೆ. ಆದಕಾರಣ ಆಳವಾದ ನೀರು, ತೇಲುವ ಅಂಗಿ, ತಲೆಗೆ ಶಿರಸ್ತ್ರಾಣ, ಬಳಿಯಲ್ಲಿ ಪಳಗಿದ ಶಿಕ್ಷಕ ಇವು ಅವಶ್ಯ. ಮನೆಯ ತಾರಸಿಯಾಗಲಿ, ಊರ ಕೆರೆಯ ಕಲ್ಲುಮೆಟ್ಟಿಲಾಗಲಿ ಇದರ ಪ್ರಯೋಗಶಾಲೆಯಲ್ಲ.

ನಿಮ್ಮ ಮನೆಯ ಮಕ್ಕಳಿಗೆ ಇಂಥ ಆಸೆ ಹುಟ್ಟಿದರೆ ಗದರಿಸಬೇಡಿ. ಹಿತ್ತಿಲ ರಬ್ಬರು ಕೊಳವೆಯ ಬಾಯನ್ನು ಬೆರಳಿನಿಂದ ಕಿರಿದು ಮಾಡಿ, ಅದು ಕೈಯನ್ನು ಹಿಂದಕ್ಕೆ ತಳ್ಳುವುದನ್ನು ತೋರಿಸಿ. ಆಮೇಲೆ ಬಳಪ ಕೊಟ್ಟು ಲೆಕ್ಕ ಹಾಕಿಸಿ. ಲೆಕ್ಕ ಬಂದವನು ಡಬ್ಬ ಕಟ್ಟಿಕೊಂಡು ತಾರಸಿ ಏರುವುದಿಲ್ಲ.