ಸೂಕ್ಷ್ಮ ಚರ್ಮಕ್ಕೆ ಸ್ಕ್ರಬ್ ಸೋಪು: ಏನು ನೋಡಿ ಕೊಳ್ಳಬೇಕು?

ಮನೆಯಲ್ಲೇ ಸೋಪು ಮಾಡಿ ಮಾರೋದು ನನ್ನ ಕೆಲಸ. ಕೊಳ್ಳೋಕೆ ಬರೋರು ಹೆಚ್ಚಾಗಿ ಕೇಳೋದು ಇದನ್ನೇ: "ನಂದು ಸೂಕ್ಷ್ಮ ಚರ್ಮ. ಕೈಯಲ್ಲಿ ಮಾಡಿದ ಸ್ಕ್ರಬ್ ಸೋಪು ತಾನೇ, ಏನೂ ಆಗಲ್ಲ ಅಲ್ವಾ?"

ಕೈಯಲ್ಲಿ ಮಾಡಿದ ಮಾತ್ರಕ್ಕೆ ಸೋಪು ಮೃದುವಾಗಲ್ಲ. ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿದರೇನೇ ಸೋಪು. ಅಳತೆ ಸರಿಯಿದ್ದರೆ ಎಲ್ಲಾ ಸೋಪಾಗಿಬಿಡುತ್ತೆ, ಸೋಡಾ ಉಳಿಯಲ್ಲ. ಆಮೇಲೆ 4ರಿಂದ 6 ವಾರ ಒಣಗಿಸಬೇಕು. ಅಷ್ಟಾದರೂ ಅದರ ಪಿಎಚ್ 9–10ರ ಆಸುಪಾಸು. ನಮ್ಮ ಚರ್ಮದ್ದು ಸುಮಾರು 5. ಅಂದ್ರೆ, ಬರೀ ಸೋಪೇ ಚರ್ಮದ ಜಿಡ್ಡು ತೆಗೆದು ಒಣಗಿಸುತ್ತೆ. ಅದರ ಮೇಲೆ ಒರಟು ಪುಡಿಯಲ್ಲೂ ಉಜ್ಜಿದರೆ?

ಅಕ್ರೋಟು ಚಿಪ್ಪಿನ ಪುಡಿ ಚೂಪು, ಚರ್ಮ ಗೀರುತ್ತೆ. ಕಾಫಿ ಚರಟವೂ ಮುಖಕ್ಕೆ ಬೇಡ. ನಾನು ಹಾಕೋದು ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದ ಓಟ್ಸ್ ಮಾತ್ರ. ಪರಿಮಳದ ಎಣ್ಣೆ ಹಾಕಲ್ಲ. ನಿಂಬೆ, ಲ್ಯಾವೆಂಡರ್ ಎಣ್ಣೆಗಳು ಗಿಡದಿಂದ ಬಂದಿದ್ದಾದ್ರೂ ಕೆಲವರಿಗೆ ಅಲರ್ಜಿ ತರುತ್ತವೆ.

ಹೊಸ ಸೋಪು ತಂದರೆ ಮೊದಲು ಮೊಣಕೈ ಒಳಬದಿಗೆ ಹಚ್ಚಿ ತೊಳೀರಿ, ಎರಡು ದಿನ ನೋಡಿ. ಕೆಂಪಾಗಲಿಲ್ಲ, ತುರಿಸಲಿಲ್ಲ ಅಂದ್ರೆ ವಾರಕ್ಕೊಂದು ಸಲ, ಬೆರಳ ತುದಿಯಲ್ಲಿ ಹಗುರವಾಗಿ ಉಜ್ಜಿದರೆ ಸಾಕು. ಎಕ್ಸಿಮಾ ಇರೋರಿಗೆ, ಚರ್ಮ ಬಿರಿದಿರೋರಿಗೆ ನಾನು ಇದನ್ನ ಮಾರೋದೇ ಇಲ್ಲ. ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ ಅಂತೀನಿ. ವ್ಯಾಪಾರ ಹೋದರೆ ಹೋಗಲಿ, ಉರಿ ಅನುಭವಿಸೋರು ಅವರಲ್ವಾ?