ಪ್ರಜಾಪ್ರಭುತ್ವದ ತಿರುಳು



ಪ್ರಜೆಗಳ ಅಹವಾಲನ್ನು ಆಲಿಸುವುದೊಂದು. ಅವರ ತೀರ್ಪಿಗೆ ತಲೆಬಾಗುವುದು ಬೇರೊಂದು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯು 144 ಸದಸ್ಯರೊಡನೆ ಮೊದಲು ನೆರೆಯಿತು. ಆ ಸದಸ್ಯರು ತಮ್ಮ ಸೀಮೆಯ ಕುಂದುಕೊರತೆಗಳನ್ನು ಬಿನ್ನವಿಸಬಹುದಾಗಿತ್ತು. ದಿವಾನರನ್ನು ಪದವಿಯಿಂದಿಳಿಸುವ ಅಧಿಕಾರವು ಅವರಿಗಿರಲಿಲ್ಲ. 1891ರಲ್ಲಿ ಚುನಾವಣೆ ಬಂದರೂ ಮತವು ಆಸ್ತಿವಂತರಿಗೂ ವಿದ್ಯಾವಂತರಿಗೂ ಮೀಸಲಾಗಿತ್ತು. 1951-52ರ ಮಹಾಚುನಾವಣೆಯಲ್ಲಿಯಾದರೋ, 21 ವರ್ಷ ತುಂಬಿದ ಸ್ತ್ರೀಪುರುಷರಿಗೆ ಜಾತಿ, ವಿದ್ಯೆ, ಸಿರಿಗಳ ಭೇದವಿಲ್ಲದೆ ಸಮಾನ ಮತಾಧಿಕಾರವು ದೊರೆಯಿತು. 1989ರಲ್ಲಿ ಆ ವಯೋಮಿತಿಯು 18ಕ್ಕಿಳಿಯಿತು.

ಆದರೆ ಬಹುಮತವೆಂಬುದು ಅಲ್ಪಸಂಖ್ಯಾತರ ಬಾಯಿ ಕಟ್ಟುವ ಅಪ್ಪಣೆಯಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಮೂಲಭೂತ ಹಕ್ಕುಗಳ ರಕ್ಷಣೆಯನ್ನು ನ್ಯಾಯಾಲಯಗಳಿಗೆ ಒಪ್ಪಿಸಿರುವುದು ಇದಕ್ಕಾಗಿಯೇ. ಆಳುವವರನ್ನು ರಕ್ತಪಾತವಿಲ್ಲದೆ ಇಳಿಸಬಲ್ಲ ಪ್ರಜೆ, ಸೋತರೂ ನಿರ್ಭಯವಾಗಿ ನುಡಿಯಬಲ್ಲ ಪಕ್ಷ: ಇವೆರಡೂ ಇರುವವರೆಗೆ ಮಾತ್ರವೇ ಪ್ರಜಾಪ್ರಭುತ್ವವು ಜೀವಂತವಾಗಿರುವುದು.