ಪರರ ಹಾಡಿನಿಂದ ತನ್ನ ಹಾಡಿಗೆ

(ಹರಿಹರದ ಕಾಲೇಜು ವಿದ್ಯಾರ್ಥಿಗಳ ಸಾಂಸ್ಕೃತಿಕ ಕೂಟದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಸಂಗೀತದ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ನಾನು ಸಂಗೀತಗಾರನಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ, ದಾವಣಗೆರೆ-ಹರಿಹರದ ನಡುವೆ ಬಸ್ಸಿನಲ್ಲಿ ಓಡಾಡುತ್ತ ಸುದ್ದಿ ಬರೆಯುವವನು. ಆದರೆ ನಿಮ್ಮಲ್ಲಿ ಹಲವರ ಹಾಗೆ ನಾನೂ ಒಮ್ಮೆ ಹಾಡಿದವನೇ. ಡಿಪ್ಲೊಮಾ ಓದುವಾಗ ತುಂಗಭದ್ರೆಯ ದಂಡೆಯ ಮೇಲೆ ಕುಳಿತು, ಗೆಳೆಯನ ಗಿಟಾರಿಗೆ ದನಿಗೂಡಿಸಿ, ಜನಪ್ರಿಯ ಚಿತ್ರಗೀತೆಯೊಂದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿದೆವು. ಮೂರನೆಯ ದಿನಕ್ಕೆ ಹಕ್ಕುದಾರ ಕಂಪನಿಯೊಂದರಿಂದ ತಕರಾರು ಬಂತು, ಹಾಡು ಮೂಕವಾಯಿತು. ಚಿತ್ರದಲ್ಲಿ ನನ್ನ ಬಾಯಿ ಅಲ್ಲಾಡುತ್ತಿತ್ತು, ದನಿ ಮಾತ್ರ ಇರಲಿಲ್ಲ!

ಅಂದು ಸಿಟ್ಟು ಬಂದಿತ್ತು. ಹಾಡಿದ್ದು ನಾನು, ದನಿ ನನ್ನದು, ಅದನ್ನು ಕಿತ್ತುಕೊಳ್ಳಲು ಇವರು ಯಾರು ಎಂದು. ಆ ಸಿಟ್ಟು ಇಳಿದ ಮೇಲೆ ಉಳಿದದ್ದು ಒಂದು ಪ್ರಶ್ನೆ: ಹಾಡು ಯಾರದು? ಬರೆದವರದೆ, ರಾಗ ಕಟ್ಟಿದವರದೆ, ಹಾಡಿದವರದೆ? ಪರರ ಹಾಡು ಹಾಡುತ್ತಲೇ ಒಬ್ಬರು ಸ್ವಂತ ಹಾಡುಗಾರರಾಗುವುದು ಹೇಗೆ? ಇಂದಿನ ನನ್ನ ಮಾತು ಇಷ್ಟರ ಸುತ್ತಲೇ.

ನಮ್ಮ ‘ಮಟ್ಟು’, ಅವರ ‘ಕವರ್’

ಬೇರೊಬ್ಬರು ಹಾಡಿ ಪ್ರಸಿದ್ಧಗೊಳಿಸಿದ್ದನ್ನು ಮತ್ತೆ ಹಾಡಿದರೆ ಇಂಗ್ಲಿಷಿನಲ್ಲಿ ಅದನ್ನು ‘ಕವರ್’ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ನೇರವಾದ ಪದವಿಲ್ಲ. ಇದು ಕೊರತೆಯೇನಲ್ಲ. ನಮ್ಮಲ್ಲಿ ಹಾಡುವುದೆಂದರೆ ಬಹುಪಾಲು ಪರರದ್ದನ್ನು ಹಾಡುವುದೇ ಆಗಿತ್ತು. ಬಸವಣ್ಣನ ವಚನದ ಕೊನೆಗೆ ಅಂಕಿತವಿದೆ, ಪುರಂದರದಾಸರ ಪದದ ಕೊನೆಗೆ ಅಂಕಿತವಿದೆ. ಮಾತು ಯಾರದೆಂದು ಅಂಕಿತ ಹೇಳುತ್ತದೆ. ಧಾಟಿ ಮಾತ್ರ ಊರಿಂದೂರಿಗೆ, ಬಾಯಿಂದ ಬಾಯಿಗೆ ಬದಲಾಗುತ್ತ ಬಂದಿದೆ.

ನಮ್ಮ ದಾವಣಗೆರೆಯನ್ನೇ ನೋಡಿ. ಇದು ಚಿಂದೋಡಿ ವೀರಪ್ಪನವರ, ಆಮೇಲೆ ಅವರ ಮಗಳು ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ವೃತ್ತಿರಂಗಭೂಮಿಯ ಕಾಲದಲ್ಲಿ ಮರಾಠಿ ನಾಟಕದ ಧಾಟಿಗೆ, ಹಿಂದಿ ಚಿತ್ರದ ಧಾಟಿಗೆ ಕನ್ನಡದ ಮಾತು ಕೂಡಿಸುವುದು ವಾಡಿಕೆಯಾಗಿತ್ತು. ಹಾಡಿನ ಪುಸ್ತಕದಲ್ಲಿ ‘ಇಂಥ ಹಾಡಿನ ಮಟ್ಟು’ ಎಂದು ತಲೆಯ ಮೇಲೆ ಅಚ್ಚು ಹಾಕುತ್ತಿದ್ದರು. ಕದ್ದು ಮುಚ್ಚುವ ಮಾತಿರಲಿಲ್ಲ. ಸಾಲ ಎತ್ತಿದ್ದೇವೆ, ಇಂಥವರಿಂದ ಎತ್ತಿದ್ದೇವೆ ಎಂಬ ಒಪ್ಪಿಗೆ ಅದರಲ್ಲೇ ಇತ್ತು.

ಇನ್ನು ತಾನೇ ಕಟ್ಟಿ ತಾನೇ ಹಾಡುವವರು ಹೊಸಬರೇನಲ್ಲ. ಪಕ್ಕದ ಹಾವೇರಿ ಜಿಲ್ಲೆಯ ಶಿಶುನಾಳದ ಷರೀಫರು (1819-1889) ಕಂಡದ್ದನ್ನು ಕಂಡಲ್ಲಿಯೇ ಪದ ಕಟ್ಟಿ ಹಾಡಿದವರು. ಇಂಗ್ಲಿಷಿನವರು ಇಂಥವರನ್ನೇ ‘ಸಿಂಗರ್-ಸಾಂಗ್‌ರೈಟರ್’ ಎನ್ನುತ್ತಾರೆ. ನಮಗೆ ಅವರು ಪದಕಾರರು, ಅಷ್ಟೆ.

ಯಂತ್ರ ತಂದ ಬದಲಾವಣೆ

ಹಾಗಾದರೆ ‘ಮೂಲ’ ಮತ್ತು ‘ನಕಲು’ ಎಂಬ ಭೇದ ಯಾವಾಗ ಬಂತು? ದನಿಯನ್ನು ತಟ್ಟೆಯ ಮೇಲೆ ಕೆತ್ತಲು ಕಲಿತಾಗ. 1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಗ್ರಾಮಫೋನ್ ಕಂಪನಿಯವರು ಮುದ್ರಿಸಿಕೊಂಡರು. ಅಲ್ಲಿಂದ ಮುಂದೆ ಹಾಡಿಗೆ ಒಂದು ನಿಶ್ಚಿತ ದನಿ, ನಿಶ್ಚಿತ ರೂಪ ಬಂತು. ಉಳಿದವರು ಹಾಡಿದ್ದನ್ನೆಲ್ಲ ಅದರ ಪಕ್ಕದಲ್ಲಿಟ್ಟು ತೂಗುವುದು ಶುರುವಾಯಿತು.

ಕ್ಯಾಸೆಟ್ಟಿನ ಕಾಲದಲ್ಲಿ ಈ ನಕಲೇ ಒಂದು ಉದ್ಯಮವಾಯಿತು. 1980ರ ದಶಕದಲ್ಲಿ ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಕಂಪನಿ ಹಳೆಯ ಹಿಂದಿ ಹಾಡುಗಳನ್ನು ಹೊಸ ಗಾಯಕರಿಂದ ಹಾಡಿಸಿ ಅಗ್ಗದ ಬೆಲೆಗೆ ಮಾರಿತು. ಟೀಕೆ ಬಂತು, ವ್ಯಾಜ್ಯಗಳೂ ನಡೆದವು. ಆದರೆ ಆ ಬಾಗಿಲಿನಿಂದಲೇ ಒಳಬಂದವರಲ್ಲಿ ಸೋನು ನಿಗಮ್ ಒಬ್ಬರು. 1990ರ ದಶಕದ ಆರಂಭದಲ್ಲಿ ಮೊಹಮ್ಮದ್ ರಫಿಯವರ ಹಾಡುಗಳನ್ನು ಕ್ಯಾಸೆಟ್ಟಿಗೆ ಹಾಡಿಕೊಂಡಿದ್ದ ಹುಡುಗ, 2006ರ ‘ಮುಂಗಾರು ಮಳೆ’ಯ ಹೊತ್ತಿಗೆ ಕನ್ನಡದ ಮನೆಮನೆಯ ದನಿಯಾಗಿದ್ದರು.

ಮುಂದಿನ ಬಾಗಿಲು ಅಂತರ್ಜಾಲ. ಯೂಟ್ಯೂಬ್ ಆರಂಭವಾದದ್ದು 2005ರಲ್ಲಿ. 2007ರಲ್ಲಿ ಕೆನಡಾದ ಸ್ಟ್ರಾಟ್‌ಫರ್ಡ್ ಎಂಬ ಊರಿನ ತಾಯಿಯೊಬ್ಬರು ತಮ್ಮ 12 ವರ್ಷದ ಮಗ ಸ್ಥಳೀಯ ಸ್ಪರ್ಧೆಯಲ್ಲಿ ಹಾಡಿದ್ದನ್ನು ಬಂಧುಗಳು ನೋಡಲೆಂದು ಅಲ್ಲಿ ಹಾಕಿದರು. ಅವನು ಹಾಡುತ್ತಿದ್ದದ್ದು ಪರರ ಹಾಡುಗಳನ್ನೇ. ಸ್ಕೂಟರ್ ಬ್ರೌನ್ ಎಂಬ ವ್ಯವಸ್ಥಾಪಕನ ಕಣ್ಣಿಗೆ ಅದು ಅಕಸ್ಮಾತ್ತಾಗಿ ಬಿತ್ತು. 2008ರಲ್ಲಿ ಕರಾರು, 2009ರಲ್ಲಿ ಮೊದಲ ಧ್ವನಿಮುದ್ರಿಕೆ. ಆ ಹುಡುಗನೇ ಜಸ್ಟಿನ್ ಬೀಬರ್.

ಇದನ್ನು ಬರೀ ಅದೃಷ್ಟ ಎಂದುಬಿಡುವಂತಿಲ್ಲ. ಇದರ ಹಿಂದೆ ಸರಳವಾದ ಲೆಕ್ಕವಿದೆ. ಅಪರಿಚಿತನ ಹೊಸ ಹಾಡನ್ನು ಹೆಸರು ಹಿಡಿದು ಹುಡುಕುವವರು ಯಾರೂ ಇಲ್ಲ. ಪರಿಚಿತ ಹಾಡನ್ನು ಹುಡುಕುವವರು ಲಕ್ಷಾಂತರ. ಹಾಗೆ ಹುಡುಕುತ್ತ ಬಂದವರ ಕಣ್ಣಿಗೆ ಅಪರಿಚಿತನೂ ಬೀಳುತ್ತಾನೆ. ಪರರ ಹಾಡು ಇಲ್ಲಿ ಗುರುತಿನ ಚೀಟಿ ಇದ್ದ ಹಾಗೆ. ಆದರೆ ಚೀಟಿ ತೋರಿಸಿ ಒಳಗೆ ಬಂದ ಮೇಲೆ ಏನು ಮಾಡುತ್ತೀರಿ ಎಂಬುದೇ ನಿಜವಾದ ಪರೀಕ್ಷೆ.

ಬೆಂಗಳೂರಿನ ವಾರಿಜಶ್ರೀ

ಇದಕ್ಕೆ ದೂರದ ಉದಾಹರಣೆಯೇಕೆ? ನಮ್ಮ ಬೆಂಗಳೂರಿನ ವಾರಿಜಶ್ರೀ ವೇಣುಗೋಪಾಲ್ ಇದ್ದಾರೆ. ತಂದೆ ಎಚ್.ಎಸ್. ವೇಣುಗೋಪಾಲ್ ಕೊಳಲು ವಿದ್ವಾಂಸರು. ಮಾತು ನೆಟ್ಟಗೆ ಬರುವ ಮುನ್ನವೇ ರಾಗಗಳನ್ನು ಗುರುತಿಸುತ್ತಿದ್ದ ಮಗು ಎಂದು ಹೆಸರಾದವರು. ಕರ್ನಾಟಕ ಸಂಗೀತದ ಗಾಯಕಿ, ಕೊಳಲನ್ನೂ ನುಡಿಸುತ್ತಾರೆ. ಅವರ ಹೆಸರು ಗಡಿ ದಾಟುವಂತೆ ಮಾಡಿದ್ದರಲ್ಲಿ ಒಂದು ಕವರ್ ಹಾಡಿನ ಪಾಲು ದೊಡ್ಡದು.

ಅವರು ಆರಿಸಿಕೊಂಡದ್ದು ಚಿತ್ರಗೀತೆಯನ್ನಲ್ಲ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1959ರಲ್ಲಿ ಮುದ್ರಿಸಿದ ‘ಜೈಂಟ್ ಸ್ಟೆಪ್ಸ್’ ಎಂಬ ಜಾಝ್ ಕೃತಿಯನ್ನು. ಇದು ಎಂಥದೆಂದು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಸಂಗೀತದಲ್ಲಿ ತಂಬೂರಿ ಒಮ್ಮೆ ಷಡ್ಜ ಹಿಡಿದರೆ ಕಛೇರಿ ಮುಗಿಯುವವರೆಗೆ ಅದು ಕದಲುವುದಿಲ್ಲ. ಅದು ಮನೆಯ ಹೊಸ್ತಿಲು. ಎಲ್ಲಿ ಅಲೆದರೂ ಅಲ್ಲಿಗೇ ಮರಳುತ್ತೇವೆ. ಈ ಕೃತಿಯಲ್ಲಿ ಆ ಹೊಸ್ತಿಲೇ ಜಾಗ ಬದಲಿಸುತ್ತದೆ. ಕೇವಲ 16 ಬಾರ್‌ಗಳ ಒಂದು ಸುತ್ತಿನಲ್ಲಿ, ಬಿರುಸಿನ ನಡೆಯಲ್ಲಿ, ಷಡ್ಜವೇ ಮೂರು ಸ್ಥಾನಗಳ ನಡುವೆ ಜಿಗಿಯುತ್ತಿರುತ್ತದೆ. ಮೊದಲ ಮುದ್ರಣದಲ್ಲಿ ಪಿಯಾನೊ ನುಡಿಸಿದ ಟಾಮಿ ಫ್ಲಾನಗನ್ ಅವರಂಥ ಪಳಗಿದ ಕೈಯೇ ತನ್ನ ಸರದಿ ಬಂದಾಗ ತಡವರಿಸಿದ್ದು ಇಂದಿಗೂ ಕೇಳಿಸುತ್ತದೆ.

ಇಂಥದನ್ನು ವಾರಿಜಶ್ರೀ ಸರಿಗಮದ ಅಕ್ಷರ ಹಿಡಿದು ಹಾಡಿದರು. ಕೋಲ್ಟ್ರೇನರ ದನಿಯನ್ನಾಗಲಿ, ಅಮೆರಿಕದ ಉಚ್ಚಾರವನ್ನಾಗಲಿ ಅನುಕರಿಸಲಿಲ್ಲ. ಕಷ್ಟವಾದ ಪರದೇಶದ ಮಾತೊಂದನ್ನು ತನ್ನ ಮನೆಯ ಮಾತಿನಲ್ಲಿ ಹೇಳಿ ತೋರಿಸಿದರು. ಅಂತರ್ಜಾಲದಲ್ಲಿ ಅದನ್ನು ಕಂಡ ಹೊರದೇಶದ ಸಂಗೀತಗಾರರು ಬೆರಗಾದರು. ಎಲ್ಲಿಯೂ ಕೇಳಿರದ ಒಂದು ದನಿ ಅವರಿಗೆ ಕೇಳಿಸಿತ್ತು.

ಮುಂದಿನದು ಸ್ವಂತ ಹಾಡಿನ ಘಟ್ಟ. ಅಮೆರಿಕದ ‘ಸ್ನಾರ್ಕಿ ಪಪ್ಪಿ’ ತಂಡದ ಮೈಕಲ್ ಲೀಗ್ ಅವರ ನಿರ್ಮಾಣದಲ್ಲಿ 2024ರಲ್ಲಿ ವಾರಿಜಶ್ರೀಯವರ ‘ವಾರಿ’ ಎಂಬ ಧ್ವನಿಸಂಪುಟ ಹೊರಬಂತು. ಅದರಲ್ಲಿ ‘ಜಾತ್ರೆ’ ಎಂಬ ಹೆಸರಿನ ರಚನೆಯೂ ಇದೆ. ಲೋಕವೆಲ್ಲ ಕೇಳುವ ಸಂಪುಟಕ್ಕೆ ನಮ್ಮ ಜಾತ್ರೆಯೇ ಬೇಕಾಯಿತು ಎಂಬುದನ್ನು ಗಮನಿಸಿ. ಅದೇ ವರ್ಷ ಇಂಗ್ಲೆಂಡಿನ ಜೇಕಬ್ ಕಾಲಿಯರ್ ಅವರ ಸಂಪುಟದಲ್ಲಿ ಅನುಷ್ಕಾ ಶಂಕರ್ ಜೊತೆ ಅವರು ಪಾಲ್ಗೊಂಡ ‘ಎ ರಾಕ್ ಸಮ್‌ವೇರ್’ 2025ರ ಗ್ರ್ಯಾಮಿ ಪ್ರಶಸ್ತಿಗೆ ನಾಮಕರಣಗೊಂಡಿತು.

ಇದರಲ್ಲಿ ನಮಗೇನು ಪಾಠ? ಅವರು ಮೇಲೇರಿದ್ದು ಕವರ್ ಹಾಡಿದ್ದರಿಂದ ಎನ್ನುವುದು ಅರ್ಧ ಸತ್ಯ. ಆ ಒಂದು ಹಾಡಿನ ಹಿಂದೆ ಹಲವು ವರ್ಷಗಳ ಸ್ವರಾಭ್ಯಾಸವಿತ್ತು. ಪರರ ಕೃತಿ ಆ ಅಭ್ಯಾಸವನ್ನು ಲೋಕಕ್ಕೆ ತೋರಿಸಿದ ಕಿಟಕಿ ಮಾತ್ರ.

ಕಾನೂನಿನ ಮಾತು

ನನ್ನ ಮೂಕ ಹಾಡಿಗೆ ಮರಳುತ್ತೇನೆ. ಯೂಟ್ಯೂಬಿನಲ್ಲಿ 2007ರಿಂದ ‘ಕಂಟೆಂಟ್ ಐಡಿ’ ಎಂಬ ವ್ಯವಸ್ಥೆಯಿದೆ. ಹಕ್ಕುದಾರರು ತಮ್ಮ ಧ್ವನಿಯ ಮಾದರಿಯನ್ನು ಕೊಟ್ಟಿರುತ್ತಾರೆ. ನಾವು ಹಾಕಿದ್ದನ್ನೆಲ್ಲ ಯಂತ್ರ ಅದರೊಡನೆ ಹೋಲಿಸುತ್ತದೆ. ಹೊಂದಿದರೆ ತಡೆಯುವುದೋ, ಜಾಹೀರಾತಿನ ಹಣ ತಾವು ಪಡೆಯುವುದೋ, ಸುಮ್ಮನೆ ಗಮನಿಸುವುದೋ ಹಕ್ಕುದಾರರ ಇಚ್ಛೆ.

ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಹಾಡು ಮೊದಲು ಮುದ್ರಣಗೊಂಡ ವರ್ಷ ಮುಗಿದು 5 ವರ್ಷ ಕಳೆಯದೆ ಅನುಮತಿಯಿಲ್ಲದ ಮರುಗಾಯನದ ಮುದ್ರಿಕೆಗೆ ಅವಕಾಶವಿಲ್ಲ. ಆಮೇಲೂ ಮುಂಗಡ ನೋಟಿಸು ಕೊಟ್ಟು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ಗೌರವಧನ ಕಟ್ಟಬೇಕು. ನಮ್ಮಂಥ ಹುಡುಗರಿಗೆ ಇದು ಎಟುಕದ ಮಾತು. ಆದರೆ ಅದೇ ತಿದ್ದುಪಡಿ, ಚಿತ್ರಗೀತೆ ಬರೆದ ಕವಿಗೂ ರಾಗ ಹಾಕಿದವರಿಗೂ ಯಾರೂ ಬರೆಸಿಕೊಳ್ಳಲಾಗದ ಗೌರವಧನದ ಹಕ್ಕನ್ನು ಕೊಟ್ಟಿತು. ನಾಳೆ ನೀವೇ ಹಾಡು ಬರೆದಾಗ ಈ ಕಾನೂನು ನಿಮ್ಮ ಬೆನ್ನಿಗೆ ನಿಲ್ಲುತ್ತದೆ.

ಇನ್ನೊಂದು ಸೂಕ್ಷ್ಮ. ಲೇಖಕರು ತೀರಿಕೊಂಡ 60 ವರ್ಷಗಳ ಬಳಿಕ ಕೃತಿ ಎಲ್ಲರದೂ ಆಗುತ್ತದೆ. ಷರೀಫರ ಮಾತುಗಳು ಹೀಗೆ ಎಲ್ಲರವು. ಆದರೆ 1990ರ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೆ ಸಿ. ಅಶ್ವತ್ಥ್ ಕಟ್ಟಿದ ರಾಗಗಳು ಹಾಗಲ್ಲ. ಅವರು ತೀರಿಕೊಂಡದ್ದು 2009ರಲ್ಲಿ. ಆ ಲೆಕ್ಕದಲ್ಲಿ 2069ರ ಕೊನೆಯವರೆಗೆ ಹಕ್ಕು ಉಳಿಯುತ್ತದೆ. ಷರೀಫರ ಮಾತಿಗೆ ನೀವೇ ರಾಗ ಕಟ್ಟಿದರೆ? ಯಾವ ತಕರಾರೂ ಇಲ್ಲ. ಸ್ವಂತ ಹಾಡಿನತ್ತ ಇಡುವ ಮೊದಲ ಹೆಜ್ಜೆಗೆ ಇದಕ್ಕಿಂತ ಒಳ್ಳೆಯ ಮೆಟ್ಟಿಲು ನನಗೆ ಕಾಣದು.

ತನ್ನ ದನಿ ಮರೆತವರು

ಕೊನೆಯದಾಗಿ ಒಬ್ಬರ ಮಾತು. ನಮ್ಮ ಬೀದಿಯಲ್ಲಿ ಒಬ್ಬ ಅಣ್ಣ ಇದ್ದಾರೆ. ಗಣೇಶನ ಹಬ್ಬದ ರಸಮಂಜರಿಗಳಲ್ಲಿ ಇಪ್ಪತ್ತು ವರ್ಷ ಡಾ. ರಾಜ್‌ಕುಮಾರ್ ದನಿಯಲ್ಲಿ ಹಾಡಿದವರು. ಕಣ್ಣು ಮುಚ್ಚಿ ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು. ಈಗ ಕಾರ್ಯಕ್ರಮಗಳು ಕಡಿಮೆಯಾಗಿವೆ. ಈ ಭಾಷಣಕ್ಕೆ ತಯಾರಾಗುವಾಗ ಅವರ ಬಳಿ ಹೋಗಿ, “ಅಣ್ಣಾ, ಒಂದ್ಸಾರಿ ನಿಮ್ಮ ದನಿಯೊಳಗ ಹಾಡ್ರಿ” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದರು: “ನನ್ ದನಿ ಯಾವುದು ಅಂತ ನನಗಾ ಮರ್ತು ಹೋಗೇತಿ ತಮ್ಮಾ.”

ಅವರನ್ನು ನಾನು ಸೋತವರೆಂದು ಹೇಳಲಾರೆ. ಸಾವಿರಾರು ಜನಕ್ಕೆ ಸಂತೋಷ ಕೊಟ್ಟವರು ಅವರು. ಆದರೆ ಆ ಮಾತು ನನ್ನನ್ನು ಇನ್ನೂ ಕಾಡುತ್ತಿದೆ. ಮೊಬೈಲಿನ ಮುಂದೆ ಕುಳಿತು ದಿನಕ್ಕೊಂದು ಪರರ ಹಾಡು ಹಾಡುವ ನಮ್ಮ ಪೀಳಿಗೆಗೂ ಇದೇ ಅಪಾಯವಿದೆ. ಮೆಚ್ಚುಗೆಯ ಎಣಿಕೆ ಏರುತ್ತಿರುತ್ತದೆ, ದನಿ ಕಳೆದುಹೋಗುತ್ತಿರುತ್ತದೆ. ಎಲ್ಲರೂ ಬೀಬರ್ ಆಗುವುದಿಲ್ಲ, ಎಲ್ಲರೂ ವಾರಿಜಶ್ರೀ ಆಗುವುದಿಲ್ಲ. ನಮ್ಮ ದನಿಯನ್ನು ನಾವು ಮರೆಯದೆ ಇರುವುದಂತೂ ನಮ್ಮ ಕೈಯಲ್ಲೇ ಇದೆ.

ನಮ್ಮೂರ ಹರಿಹರೇಶ್ವರನ ಗುಡಿಯನ್ನು ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿ 800 ವರ್ಷಗಳಾದವು. ಅಲ್ಲಿ ಒಂದೇ ಮೂರ್ತಿಯಲ್ಲಿ ಇಬ್ಬರಿದ್ದಾರೆ; ಅರ್ಧ ಹರಿ, ಅರ್ಧ ಹರ. ಒಬ್ಬರು ಇನ್ನೊಬ್ಬರನ್ನು ಮುಚ್ಚಿಲ್ಲ. ಪರರ ಹಾಡು ಹಾಡುವುದಿದ್ದರೆ ಹೀಗೆ ಹಾಡೋಣ. ಬರೆದವರ ಹೆಸರು, ರಾಗ ಹಾಕಿದವರ ಹೆಸರು ಮೊದಲು ಹೇಳೋಣ. ನಮ್ಮ ದನಿಯೂ ಅದರಲ್ಲಿ ಅರ್ಧ ಇರಲಿ. ಹತ್ತು ಹಾಡು ಪರರದ್ದಾದ ಮೇಲೆ ಹನ್ನೊಂದನೆಯದು ನಮ್ಮದಾಗಲಿ, ನಮ್ಮ ಕಡೆಯ ಮಾತಿನಲ್ಲೇ ಆಗಲಿ.

ಅಂದಹಾಗೆ, ನನ್ನ ಗೆಳೆಯ ಗಿಟಾರನ್ನು ಮಾರಿಲ್ಲ. ಮುಂದಿನ ಭಾನುವಾರ ಹೊಳೆ ದಂಡೆಗೆ ಬರುತ್ತೇನೆ ಎಂದಿದ್ದಾನೆ. ಈ ಸಲ ಪದ ನಾನೇ ಬರೆಯುತ್ತಿದ್ದೇನೆ.